ಗಾಜು ತೊಳೆದ ತಪ್ಪಿಗೆ

ಮಾನ್ಯ ಹಸಿರು ಸ್ಟಿಕ್ಕರ್ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಕಾರಿನ ಗಾಜು ಅಗತ್ಯಕ್ಕಿಂತ ಹೆಚ್ಚು ಸ್ವಚ್ಛವಾಗಿತ್ತು ಎಂಬ ಕಾರಣಕ್ಕೆ ತಾವು ನನಗೆ ದಂಡ ವಿಧಿಸಿದ್ದೀರಿ. ತಮ್ಮ ಪತ್ರದಲ್ಲಿ ಹೀಗೆ ಬರೆದಿಲ್ಲ, ನಿಜ. "ಸ್ಟಿಕ್ಕರಿನ ಮೇಲಿನ ವಾಹನ ಸಂಖ್ಯೆಯು ಓದಲು ಬಾರದ ಸ್ಥಿತಿಯಲ್ಲಿತ್ತು" ಎಂದಿದೆ. ಎಷ್ಟು ಸುತ್ತಿ ಬಳಸಿ ಹೇಳಿದರೂ ಮಾತು ಒಂದೇ. ದಂಡವನ್ನು ಮರುದಿನವೇ ಕಟ್ಟಿದ್ದೇನೆ, ಅದರ ತಕರಾರು ನನಗಿಲ್ಲ. ಆದರೆ ಆ ದಂಡದಿಂದ ನನ್ನ ಕೈತಪ್ಪಿದ ಚಿನ್ನದ ಪಿನ್ನನ್ನು ತಾವು ವಾಪಸು ಕೊಡಿಸಬೇಕು. ಅದಕ್ಕಾಗಿ ಈ ಪತ್ರ. ತಮ್ಮ ಕಚೇರಿಗೆ ಬರೆದ ಎರಡು ಪತ್ರಗಳು ಯಾವ ಕಡತದ ಹೊಟ್ಟೆ ಸೇರಿದವೋ ತಿಳಿಯದು, ಆದ್ದರಿಂದ ಮೂರನೆಯದನ್ನು ಊರಿನ ಪತ್ರಿಕೆಗೇ ಕೊಟ್ಟಿದ್ದೇನೆ.

ಮೊದಲು ನನ್ನ ಪರಿಚಯ. ಎಪ್ಪತ್ತನಾಲ್ಕು ವರ್ಷದ ವಿಧವೆ. ಬೇಕರಿಯ ವ್ಯಾನು ಓಡಿಸುತ್ತ ಮೂವತ್ತೊಂದು ವರ್ಷ ಈ ಊರಿನ ಅರ್ಧ ಜನಕ್ಕೆ ಬೆಳಗಿನ ಬ್ರೆಟ್ಸೆಲ್, ಅಂದರೆ ಗಂಟು ಹಾಕಿ ಸುಟ್ಟ ಬ್ರೆಡ್ಡು, ತಲುಪಿಸಿದವಳು ನಾನೇ. ತಾವು ಇದೇ ಊರಿನವರಾಗಿದ್ದರೆ ತಮ್ಮ ಹಾಲುಹಲ್ಲು ನನ್ನ ವ್ಯಾನಿನ ಬ್ರೆಟ್ಸೆಲ್ ಕಡಿದೇ ಬಿದ್ದಿರಬಹುದು. ಲೈಸೆನ್ಸ್ ಸಿಕ್ಕಿ ಈ ಅಕ್ಟೋಬರಿಗೆ ಐವತ್ತು ವರ್ಷ. ಈ ಐವತ್ತು ವರ್ಷಗಳಲ್ಲಿ ಒಂದು ಬೆಕ್ಕಿನ ಬಾಲವನ್ನೂ ನಾನು ತುಳಿದಿಲ್ಲ. ಕಳಂಕವಿಲ್ಲದೆ ಐವತ್ತು ವರ್ಷ ಗಾಡಿ ಓಡಿಸಿದವರಿಗೆ ನಮ್ಮೂರಿನ ಸುರಕ್ಷಿತ ಚಾಲಕರ ಸಂಘ ಓಕ್ ಎಲೆಯ ಚಿನ್ನದ ಪಿನ್ನು ಚುಚ್ಚಿ ಗೌರವಿಸುತ್ತದೆ. ಅದಕ್ಕೆಂದೇ ಫೆಬ್ರವರಿಯಲ್ಲಿ ಕಡುನೀಲಿ ಕೋಟು ಹೊಲಿಸಿದೆ, ಚಿನ್ನ ಎದ್ದು ಕಾಣಲಿ ಎಂದು.

ಅದು ತಮಗೆ ಅಂಗಿಯ ಗುಂಡಿಯಷ್ಟರ ಒಂದು ಲೋಹದ ಚೂರು. ಆದರೆ ನಮ್ಮ ಕೆಳಮನೆಯಲ್ಲಿ ನನ್ನ ಮೈದುನ ಗೊಟ್‌ಲೋಬ್ ಇದ್ದಾನೆ. ನನಗಿಂತ ಒಂದು ವರ್ಷ ಮೊದಲು ಲೈಸೆನ್ಸ್ ಪಡೆದವನು. ನಾನು ಪರೀಕ್ಷೆ ಪಾಸಾದ ದಿನ ಊಟದ ಮೇಜಿನಲ್ಲಿ ಎಲ್ಲರ ಮುಂದೆ, "ಅತ್ತಿಗೆ, ಬರೆದಿಟ್ಕೊಳ್ಳಿ, ವರ್ಷದೊಳಗೆ ಯಾರ್ದಾದ್ರೂ ಬೇಲಿ ಮುರೀತೀರಿ" ಎಂದಿದ್ದ. ಮಾವನವರು ನಕ್ಕರು, ನನ್ನ ಗಂಡನೂ ನಕ್ಕ. ಆ ನಗು ಐವತ್ತು ವರ್ಷದಿಂದ ನನ್ನ ಕಿವಿಯಲ್ಲಿದೆ. ಕಳೆದ ಅಕ್ಟೋಬರಿನಲ್ಲಿ ಗೊಟ್‌ಲೋಬನಿಗೆ ಪಿನ್ನು ಸಿಕ್ಕಿತು. ಅಂದಿನಿಂದ ಅವನು ಕಸದ ಡಬ್ಬಿ ಹೊರಗಿಡಲು ಬಂದರೂ ಪಿನ್ನು ಚುಚ್ಚಿಕೊಂಡೇ ಬರುತ್ತಾನೆ.

ಇನ್ನು ಸ್ಟಿಕ್ಕರಿನ ವಿಷಯ. ನನ್ನದು ಬ್ಯಾಟರಿ ಕಾರು, ಅದಕ್ಕೆ ಹೊಗೆ ಕೊಳವೆಯೇ ಇಲ್ಲ. ಆದರೂ ಊರ ನಡುವೆ ತಾವು ಗುರುತಿಸಿದ ಕಡಿಮೆ ಹೊಗೆಯ ವಲಯದೊಳಗೆ ನಿಲ್ಲಬೇಕಾದರೆ "ಈ ಗಾಡಿ ಹೊಗೆ ಕಡಿಮೆ ಬಿಡುತ್ತದೆ" ಎಂಬ ಹಸಿರು ಸ್ಟಿಕ್ಕರನ್ನು ಅದೂ ಅಂಟಿಸಿಕೊಳ್ಳಬೇಕು. ತಲೆ ಬೋಳಾದವನು ಹೇನಿಲ್ಲವೆಂಬ ಸರ್ಟಿಫಿಕೇಟು ಕೊರಳಿಗೆ ಕಟ್ಟಿಕೊಂಡು ತಿರುಗಿದ ಹಾಗೆ. ಇರಲಿ, ಕಾನೂನು ಕಾನೂನೇ, ಮುಂದಿನ ಗಾಜಿನ ಒಳಮೈಗೆ ಅಂಟಿಸಿದೆ. ತಮ್ಮ ಕೌಂಟರಿನ ಹುಡುಗಿ ಅದರ ಬಿಳಿ ಜಾಗದಲ್ಲಿ ನನ್ನ ಕಾರಿನ ನಂಬರನ್ನು ಪೆನ್ನಿನಿಂದ ದುಂಡಗೆ ಬರೆದುಕೊಟ್ಟಿದ್ದಳು. ನಾನು ಒಂದು ಹೆಜ್ಜೆ ಮುಂದೆ ಹೋದೆ. ತಮ್ಮ ತಪಾಸಕರು ಬಗ್ಗಿ ನೋಡುವ ಕಷ್ಟ ಯಾಕೆ ಎಂದುಕೊಂಡು ಮೂರು ವರ್ಷದಿಂದ ಕಾರನ್ನು ದಕ್ಷಿಣಕ್ಕೆ ಮುಖ ಮಾಡಿ, ಸ್ಟಿಕ್ಕರು ಬೀದಿಗೆ ಕಾಣುವಂತೆ ನಿಲ್ಲಿಸುತ್ತ ಬಂದೆ. ಪ್ರತಿ ಶನಿವಾರ ವಿನೆಗರ್ ನೀರಿನಲ್ಲಿ ಗಾಜು ತೊಳೆದು ಹಳೆ ಪತ್ರಿಕೆಯಿಂದ ಉಜ್ಜಿದೆ. ಗಾಜು ಇದೆಯೋ ಇಲ್ಲವೋ ಎಂದು ಗುಬ್ಬಚ್ಚಿಗಳಿಗೇ ಅನುಮಾನ ಬರುತ್ತಿತ್ತು.

ಮೇ ತಿಂಗಳ ಒಂದು ಶನಿವಾರ. ಆ ವಾರ ಗುಡಿಸುವ ಸರದಿ ನನ್ನದು. ನಮ್ಮದು ಆರು ಮನೆಗಳ ಕಟ್ಟಡ. ಯಾರ ಬಾಗಿಲಲ್ಲಿ ಮರದ ಹಲಗೆ ತೂಗುತ್ತದೋ ಅವರು ಆ ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಎಲ್ಲ ಗುಡಿಸಬೇಕು. ಹಲಗೆಗೆ ಬೆನ್ನು ತೋರಿಸಿದವರಿಗೆ ನಮ್ಮ ಕಡೆ ಹೆಣ್ಣು ಕೊಡುವುದಿಲ್ಲ. ನಾನು ಪೊರಕೆ ಹಿಡಿದು ನಿಂತಿದ್ದಾಗ ತಮ್ಮ ಹಳದಿ ಅಂಗಿಯ ತಪಾಸಕರು ವ್ಯಾನಿನಲ್ಲಿ ಬಂದಿಳಿದರು.

"ಅಮ್ಮಾ, ಈ ಕಾರು ನಿಮ್ದಾ?"

"ಹೌದಪ್ಪ. ಯಾಕೆ, ಚೆನ್ನಾಗಿದ್ಯಾ?"

"ಕಾರು ಚೆನ್ನಾಗಿದೆ. ಸ್ಟಿಕ್ಕರ್ ಮೇಲೆ ನಂಬರ್ ಕಾಣ್ತಿಲ್ಲ."

ನೋಡಿದೆ. ನಿಜವಾಗಿಯೂ ಅಲ್ಲಿ ನಂಬರಿರಲಿಲ್ಲ. ಹಸಿರು ಸ್ಟಿಕ್ಕರಿನ ನಡುವೆ ಹಾಲಿನಂಥ ಬಿಳಿ.

"ಕೆಳಗಡೆ ಪ್ಲೇಟ್ ಮೇಲೆ ಇದ್ಯಲ್ಲಪ್ಪ, ಒಂದೊಂದು ಅಕ್ಷರ ಅಂಗೈಯಗಲ."

"ಪ್ಲೇಟ್ ಮೇಲಿದ್ರೆ ಸಾಲ್ದು. ಸ್ಟಿಕ್ಕರ್ ಮೇಲೂ ಇರ್ಬೇಕು. ಇಲ್ದಿದ್ರೆ ಈ ಸ್ಟಿಕ್ಕರ್ ಈ ಗಾಡೀದೇ ಅಂತ ನನಗೆ ಹೇಗೆ ಗೊತ್ತಾಗತ್ತೆ?"

"ಈ ಗಾಡೀಲೇ ಅಂಟಿಕೊಂಡಿದ್ಯಲ್ಲೋ ತಮ್ಮಾ!"

"ಹಾಗಂತ ನೀವು ಹೇಳ್ತೀರಿ."

"ಇದು ಬ್ಯಾಟರಿ ಗಾಡಿ. ಹಿಂದೆ ಬಗ್ಗಿ ನೋಡು. ಹೊಗೆ ಕೊಳವೆ ಏನಾದ್ರೂ ಸಿಕ್ರೆ ಎರಡರಷ್ಟು ದಂಡ ಹಾಕು."

ಪ್ರಾಮಾಣಿಕ ಮನುಷ್ಯ, ನಿಜಕ್ಕೂ ಮೊಣಕಾಲೂರಿ ಬಗ್ಗಿ ನೋಡಿದರು. "ಇಲ್ಲ" ಎಂದರು. ಎದ್ದು ಮೊಣಕಾಲು ಕೊಡವಿಕೊಂಡು ದಂಡದ ಚೀಟಿ ಬರೆದರು. ಅಷ್ಟು ಹೊತ್ತೂ ಅವರ ಡೀಸೆಲ್ ವ್ಯಾನಿನ ಎಂಜಿನ್ನು ಗುರುಗುಟ್ಟುತ್ತಲೇ ಇತ್ತು. ನಾನು ಆಗಷ್ಟೇ ಗುಡಿಸಿದ್ದ ಕಾಲುದಾರಿಯ ಮೇಲೆ ಅದರ ಹೊಗೆ ಕೂರುತ್ತಿತ್ತು. ಆ ವ್ಯಾನಿಗೂ ಹಸಿರು ಸ್ಟಿಕ್ಕರೇ.

ಕೆಳಮನೆಯ ಕಿಟಕಿಯಲ್ಲಿ ಗೊಟ್‌ಲೋಬ್ ದಿಂಬಿನ ಮೇಲೆ ಮೊಣಕೈಯೂರಿ ಇದೆಲ್ಲವನ್ನೂ ನೋಡುತ್ತಿದ್ದ. ಪಿನ್ನು ಹೊಳೆಯುತ್ತಿತ್ತು.

"ಅತ್ತಿಗೆ, ಐವತ್ತಾಗೋಕೆ ಇನ್ನೈದೇ ತಿಂಗಳಿತ್ತಲ್ವಾ? ಛೆ ಛೆ. ಬೇಲಿ ಕೊನೆಗೂ ಮುರಿದುಬಿಡ್ತಲ್ಲ!"

"ನಿನ್ನ ಗಾಡೀನೂ ನೋಡ್ಲಿ ಇರು" ಎಂದೆ ನಾನು. ನನ್ನ ಕಾರಿನ ಪಕ್ಕದಲ್ಲೇ ಅವನ ಹಳೆಯ ಪ್ರವಾಸಿ ವ್ಯಾನು ನಿಂತಿರುತ್ತದೆ. ಅದರ ಗಾಜಿನ ಮೇಲೆ ಲಿಂಡೆನ್ ಮರದ ಅಂಟು, ಪರಾಗದ ಹಳದಿ ಪುಡಿ, ಎರಡು ಪಾರಿವಾಳ ಸಂಸಾರಗಳ ಸಕಲ ಕೊಡುಗೆ. ತಪಾಸಕರು ಬೆರಳಿನಿಂದ ನಾಣ್ಯದಗಲ ಕೊಳೆ ಒರೆಸಿ ಇಣುಕಿದರು.

"ಇದು ನೋಡಿ ಅಮ್ಮಾ, ನಿನ್ನೆ ಬರೆದ ಹಾಗಿದೆ. ಗಾಡಿ ಅಂದ್ರೆ ಹೀಗೆ ಇಟ್ಕೋಬೇಕು."

ಮಾನ್ಯರೇ, ಆಗ ನನಗೆ ಜ್ಞಾನೋದಯವಾಯಿತು. ತಮ್ಮ ಪೆನ್ನಿನ ಶಾಯಿ ಬಿಸಿಲಿಗೆ ಹಾರಿಹೋಗುತ್ತದೆ. ಗಾಜು ಕೊಳಕಾಗಿದ್ದವರ ನಂಬರು ನೆರಳಲ್ಲಿ ಸುಖವಾಗಿ ಬಾಳುತ್ತದೆ. ಗಾಜು ತೊಳೆದವಳ ನಂಬರು ಬಿಸಿಲಿಗೆ ಬಲಿಯಾಗುತ್ತದೆ. ಊರನ್ನು ಸ್ವಚ್ಛವಾಗಿಡಲೆಂದು ಹುಟ್ಟಿದ ಇಲಾಖೆ ಕೊಳಕನಿಗೆ ಶಹಬ್ಬಾಸ್ ಹೇಳಿ, ತೊಳೆದವಳಿಗೆ ದಂಡ ಹಾಕುವುದು ಯಾವ ನ್ಯಾಯ? ನಮ್ಮ ಬೀದಿಯ ಮೂಲೆಯಲ್ಲಿ ತಮ್ಮ ವಲಯದ ಫಲಕವಿದೆ, ಅದರಾಚೆ ಸ್ಟಿಕ್ಕರ್ ಬೇಡ. ಆಚೆಯ ಹೊಗೆ ಆ ಫಲಕ ಓದಿ ಹಿಂದಿರುಗಿ ಹೋಗುತ್ತದೆಯೇ? ಹೊಗೆಗೆ ಓದು ಬರುವುದಾದರೆ ನನ್ನ ಸ್ಟಿಕ್ಕರಿನ ನಂಬರು ಮಾಸಿದ್ದರಿಂದ ಅದಕ್ಕೆ ತೊಂದರೆಯಾದದ್ದು ನಿಜವೆಂದು ಒಪ್ಪುತ್ತೇನೆ.

ಸಂಘದ ಕಾರ್ಯದರ್ಶಿಯ ಹತ್ತಿರ ಹೋದೆ. ಅವರು ಒಳ್ಳೆಯವರೇ, ಕಾಫಿ ಕೊಟ್ಟರು. "ಅಮ್ಮಾ, ನನಗೆ ಅರ್ಥ ಆಗತ್ತೆ. ಆದ್ರೆ ಒಂದು ಚೀಟಿ ಅಂದ್ರೆ ಒಂದು ಚೀಟೀನೇ. ಇಲಾಖೆಯವ್ರು ರದ್ದು ಮಾಡಿದ್ರೆ ಮಾತ್ರ ಪಿನ್ನು. ಇಲ್ಲಾಂದ್ರೆ ಮತ್ತೆ ಒಂದರಿಂದ ಎಣಿಸ್ಬೇಕು." ಒಂದರಿಂದ ಎಣಿಸಿದರೆ ಐವತ್ತಾಗುವಾಗ ನನಗೆ ನೂರಿಪ್ಪತ್ತನಾಲ್ಕು. ಆ ದಿನ ಮನೆಗೆ ಬಂದು ನೀಲಿ ಕೋಟನ್ನು ಬೀರುವಿನಲ್ಲಿಟ್ಟು, ಅಡುಗೆಮನೆಯಲ್ಲಿ ಕೂತು ಅತ್ತೆ. ಇದನ್ನು ಪತ್ರಿಕೆಯಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ತಮಗೆ ತಿಳಿದಿರಲಿ.

ಮರುದಿನ ಟ್ರಾಮ್ ಹತ್ತಿ ಹೊಸ ಸ್ಟಿಕ್ಕರಿಗಾಗಿ ತಮ್ಮ ಕೌಂಟರಿಗೆ ಬಂದೆ. ಅದೇ ಹುಡುಗಿ, ಅದೇ ಪೆನ್ನು.

"ಈ ಶಾಯಿ ಬಿಸಿಲಿಗೆ ನಿಲ್ಲತ್ತಾ ಮಗಳೇ?"

"ನಿಲ್ಲಬೇಕು ಅಂತ ನಿಯಮ ಇದೆ ಅಮ್ಮಾ."

"ನಿಲ್ಲತ್ತಾ?"

"ನಿಯಮ ಇದೆ."

"ನಿಮ್ಮ ಇಲಾಖೆ ಗಾಡಿಗಳಿಗೂ ಇದೇ ಪೆನ್ನಾ?"

"ಇನ್ಯಾವುದು? ಇರೋದೇ ಒಂದು ಪೆನ್ನು."

ಈ ಕೊನೆಯ ಮಾತನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ. ಜೂನ್ ಒಂದರಂದು ಕಟ್ಟಡದ ಉಳಿದ ಐದೂ ಮನೆಗಳ ಬಾಗಿಲು ತಟ್ಟಿ, ಸೆಪ್ಟೆಂಬರಿನಲ್ಲಿ ಬೇಸಿಗೆ ಮುಗಿಯುವವರೆಗೆ ಎಲ್ಲರ ಗುಡಿಸುವ ಸರದಿಯನ್ನೂ ನನಗೇ ಕೊಡಿ ಎಂದು ಕೇಳಿದೆ. ಈ ಸೀಮೆಯಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಮೂರನೆಯ ಮನೆಯವರು ಹಣೆ ಮುಟ್ಟಿ ಜ್ವರ ನೋಡಿದರು. ಗೊಟ್‌ಲೋಬ್ ಮಾತ್ರ, "ದಂಡ ತಲೆಗೇರಿದೆ ಪಾಪ" ಎಂದು ಹಲಗೆಯನ್ನು ಖುಷಿಯಿಂದ ಕೊಟ್ಟ. ಅಂದಿನಿಂದ ಅದು ನನ್ನ ಬಾಗಿಲು ಬಿಟ್ಟು ಕದಲಿಲ್ಲ.

ನಮ್ಮ ಬೀದಿ ವಲಯದ ಬಾಗಿಲು. ಆದ್ದರಿಂದ ತಮ್ಮ ತಪಾಸಕರ ವ್ಯಾನು ಪ್ರತಿ ಶನಿವಾರ ಹತ್ತು ಗಂಟೆಗೆ ನಮ್ಮ ಕಟ್ಟಡದ ಮುಂದೆಯೇ ನಿಲ್ಲುತ್ತದೆ. ಅವರು ಎರಡು ಗಂಟೆ ಬೀದಿ ಸುತ್ತಲು ಹೋಗುತ್ತಾರೆ. ನಾನು ಗುಡಿಸುತ್ತೇನೆ. ಗುಡಿಸುವಾಗ ಆ ವ್ಯಾನಿನ ಕೊಳಕು ಗಾಜು ಕಣ್ಣಿಗೆ ಚುಚ್ಚುತ್ತದೆ. ಮನೆ ಮುಂದೆ ಕೊಳಕನ್ನು ಇಟ್ಟುಕೊಂಡು ಸುಮ್ಮನಿರುವ ಹೆಂಗಸು ನಾನಲ್ಲ. ವಿನೆಗರ್ ನೀರು, ಹಳೆ ಪತ್ರಿಕೆ, ಹೊರಗಿನಿಂದಷ್ಟೇ. ಒಳಗೆ ಕೈ ಹಾಕಿಲ್ಲ, ಬಾಗಿಲು ಮುಟ್ಟಿಲ್ಲ. ಹದಿನಾರು ಶನಿವಾರ ತೊಳೆದೆ. ಪರರ ಗಾಜು ತೊಳೆಯಬಾರದೆಂಬ ಕಾನೂನಿದ್ದರೆ ದಯಮಾಡಿ ಕಲಂ ಸಂಖ್ಯೆ ತಿಳಿಸಿ.

ಒಮ್ಮೆ ಅವರು ಬೇಗ ಬಂದುಬಿಟ್ಟರು.

"ಅಮ್ಮಾ! ನನ್ನ ಮೇಲೆ ಸಿಟ್ಟಿರತ್ತೆ ಅಂದ್ಕೊಂಡಿದ್ದೆ. ಯಾಕಿಷ್ಟು ತೊಂದ್ರೆ ತಗೋತೀರಿ?"

"ತೊಂದ್ರೆ ಏನು ಬಂತಪ್ಪ? ನನ್ನ ಸರದಿ."

ಮುಂದಿನ ವಾರ ನನಗೊಂದು ಚಾಕೊಲೇಟ್ ಡಬ್ಬಿ ತಂದುಕೊಟ್ಟರು. ಚಾಕೊಲೇಟ್ ಚೆನ್ನಾಗಿತ್ತು, ಆದರೂ ಎರಡೇ ತಿಂದು ಡಬ್ಬಿ ಮುಚ್ಚಿಟ್ಟೆ. ಈ ಪತ್ರ ಓದಿ ತಮಗೆ ಬರುವ ಸಿಟ್ಟು ಅವರ ತಲೆಗೆ ಬರಬಾರದು, ಇದೂ ನನ್ನ ಕೋರಿಕೆಯೇ. ನನ್ನ ಸ್ವಂತ ಕಾರಿನ ಗಾಜನ್ನು ಮಾತ್ರ ಮೇ ತಿಂಗಳಿಂದ ತೊಳೆದಿಲ್ಲ. ಹೊಸ ನಂಬರು ಭದ್ರವಾಗಿದೆ. ಕಾರಿನ ಪಕ್ಕ ಹಾದುಹೋಗುವಾಗ ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ.

ಈ ವರ್ಷ ಬೇಸಿಗೆ ಚೆನ್ನಾಗಿ ಕಾಯಿತು. ಕಳೆದ ಶನಿವಾರ ಕನ್ನಡಕ ಹಾಕಿಕೊಂಡು ನೋಡಿದೆ. ತಮ್ಮ ಇಲಾಖೆಯ ವ್ಯಾನಿನ ನಂಬರು ಪ್ಲೇಟಿನ ಮೇಲೆ 418. ಸ್ಟಿಕ್ಕರಿನ ಮೇಲೆ ಶಾಯಿ ತೆಳ್ಳಗಾಗಿ, ಕೊನೆಯ 8ರ ಎಡಮೈ ಹಾರಿಹೋಗಿ, ಸ್ಪಷ್ಟವಾಗಿ 413 ಎಂದಿದೆ. ಅಂದರೆ ಮಾನ್ಯರೇ, ತಮ್ಮ ವ್ಯಾನು ಯಾರದೋ ಗಾಡಿಯ ಸ್ಟಿಕ್ಕರ್ ಅಂಟಿಸಿಕೊಂಡು, ಡೀಸೆಲ್ ಹೊಗೆ ಬಿಡುತ್ತ, ವಲಯದ ತುಂಬ ಓಡಾಡಿ ಬೇರೆಯವರಿಗೆ ದಂಡ ಹಾಕುತ್ತಿದೆ. ಅದು ಈ ವ್ಯಾನಿನದೇ ಸ್ಟಿಕ್ಕರು ಎನ್ನುವಿರೋ? ಹಾಗಂತ ನೀವು ಹೇಳ್ತೀರಿ.

ನನ್ನ ಬೇಡಿಕೆ ಸರಳವಾಗಿದೆ. ತಮ್ಮ ವ್ಯಾನಿಗೂ ದಂಡದ ಚೀಟಿ ಬರೆಯಿರಿ, ಇಲ್ಲವೇ ನನ್ನ ಚೀಟಿಯನ್ನು ರದ್ದು ಮಾಡಿ, ಅಕ್ಟೋಬರ್ ಹನ್ನೊಂದರ ಸಮಾರಂಭಕ್ಕೆ ಮೊದಲು ಸಂಘದ ಕಾರ್ಯದರ್ಶಿಗೆ ಎರಡು ಸಾಲು ಬರೆದು ಕಳಿಸಿ. ದಯವಿಟ್ಟು ಆ ಪೆನ್ನಿನಿಂದ ಬರೆಯಬೇಡಿ. ಎರಡೂ ಆಗದಿದ್ದರೆ ಬರುವ ಶನಿವಾರ ಹತ್ತು ಗಂಟೆಗೆ ಈ ಪತ್ರ ಓದಿದ ಎಲ್ಲರೂ ನಮ್ಮ ಬೀದಿಗೆ ಬಂದು 413ನ್ನು ಕಣ್ಣಾರೆ ನೋಡಬಹುದು. ಪ್ಲಮ್ ಹಣ್ಣಿನ ಕಾಲ, ಎರಡು ತಟ್ಟೆ ಕೇಕು ಮಾಡಿರುತ್ತೇನೆ, ಕಾಫಿಯೂ ಇರುತ್ತದೆ. ಗಾಜು ತೊಳೆದಿರುತ್ತದೆ. ಕೆಳಮನೆಯ ಕಿಟಕಿಯನ್ನೂ ಅವತ್ತು ನಾನೇ ತೊಳೆದಿರುತ್ತೇನೆ, ಗೊಟ್‌ಲೋಬನಿಗೂ ಚೆನ್ನಾಗಿ ಕಾಣಲಿ.

ಇಂತಿ,
ಐವತ್ತು ವರ್ಷಕ್ಕೆ ಐದು ತಿಂಗಳು ಕಡಿಮೆ ನಿಷ್ಕಳಂಕಳೂ
ಸದ್ಯಕ್ಕೆ ಆರೂ ಮನೆಗಳ ಗುಡಿಸುವ ಹಲಗೆಯ ಒಡತಿಯೂ ಆದ
ಅಡೆಲ್‌ಹೈಡ್ ರಾಪ್
(ನೀಲಿ ಕೋಟು ಇಸ್ತ್ರಿಯಾಗಿದೆ)