ಒಬಿನ್ನಾ ಕಲಿಸಿದ ಗೋಲು

ಒಬಿನ್ನಾ,

ನಿನಗೆ ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದಕ್ಕೇ ಇಷ್ಟು ಧೈರ್ಯ.

ಇವತ್ತು ಮಣಿಕೊಂಡದಲ್ಲಿ ನಮ್ಮ ಸಾಫ್ಟ್‌ವೇರ್ ತಂಡಕ್ಕೂ ಕಟ್ಟಡ ಕೆಲಸದವರ ಮಕ್ಕಳಿಗೂ ಫುಟ್‌ಬಾಲ್ ಪಂದ್ಯ. ಗೋಲ್‌ಕೀಪರ್ ನಾನು, ಗೋಲು ತಿಂದು ತಿಂದೇ ಹೊಟ್ಟೆ ತುಂಬಿತ್ತು. ಆರನೆಯದು ಹೊಡೆದ ರಾಯಚೂರಿನ ಹುಡುಗಿ ಹುಲಿಗೆಮ್ಮ ಕುಣಿಯದೆ ನೆಟ್ಟಗೆ ಬಂದು, ಬಿದ್ದಿದ್ದ ನನಗೆ ಕೈ ಚಾಚಿದಳು.

"ಏಳ್ರಿ ಸರ್. ಕೀಪರ್‌ನ ಎಬ್ಬಿಸಿದ ಮ್ಯಾಲೇ ಗೋಲು ಅಂತ ಒಬಿನ್ನಾ ಸರ್ ಕಲಿಸ್ಯಾರ. ನೈಜೀರಿಯಾದಾಗ ಭಾಳ ದೊಡ್ಡ ಸ್ಟ್ರೈಕರ್ ಇದ್ರಂತ್ರಿ."

ನಿವೃತ್ತನಾದ ಮೇಲೆ ನೀನು ಆಡಿಸುತ್ತಿದ್ದದ್ದು ಇವರನ್ನೇ? "ದಿನಾ ಮಣ್ಣು ಮೆತ್ತಿಕೊಂಡು ಎಲ್ಲಿಂದಲೋ ಬರುತ್ತಾನೆ" ಎಂದು ನಿವಾಸಿಗಳ ಸಂಘಕ್ಕೆ ಅರ್ಜಿ ಬರೆದು, ನಿನ್ನನ್ನು ನಮ್ಮ ಅಪಾರ್ಟ್‌ಮೆಂಟ್ ಬಿಡಿಸಿದವನು ನಾನಲ್ಲವೇ!

"ಸರ್ ಊರು ಬಿಟ್ಟು ಯಾಕ ಹೋದ್ರು, ನಿಮಗೇನರ ಗೊತ್ತೇನ್ರಿ?"

"ಇಲ್ಲಮ್ಮ," ಎಂದೆ. ನನ್ನನ್ನು ಎಬ್ಬಿಸಲು ಅವಳು ಇನ್ನೊಂದು ಕೈಯನ್ನೂ ಕೊಡಬೇಕಾಯಿತು.