ಹೊಸಿಲಾಚೆ ಮೂರು ದಿನ

ಹೊಸದುರ್ಗ
೮-೬-೧೯೭೫, ಭಾನುವಾರ

ಪ್ರೀತಿಯ ಹೊನ್ನಾ,

ಹೇಗಿದ್ದೀಯ ಮಗಳೇ? ಕಾಲಿನ ಬಾವು ಇಳಿಯಿತೇ? ಮಗು ಜೋರಾಗಿ ಒದೆಯುತ್ತದೆ ಎಂದು ಬರೆದಿದ್ದೀಯ, ಒದೆಯಲಿ. ನಿನ್ನ ಬಾಣಂತನಕ್ಕೆಂದು ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದೇನೆ.

ಇಲ್ಲಿನ ಸುದ್ದಿ ಬರೆಯಲು ಮೂರು ಸಲ ಕೂತು ಎದ್ದೆ. ನಿನ್ನ ಚಿಕ್ಕಪ್ಪ ಯತ್ತಪ್ಪ ಆರು ತಿಂಗಳು ಕುರಿಗಳ ಜೊತೆ ಅಲೆದು ಹೋದ ತಿಂಗಳು ಹಿಂದಿರುಗಿದ. ಕೆನ್ನೆ ಒಳಗೆ ಹೋಗಿತ್ತು. ನಿನಗೆ ಗೊತ್ತಲ್ಲ, ವಲಸೆಯಿಂದ ಬಂದವರು ಮೂರು ದಿನ ಕುರಿಹಟ್ಟಿಯಲ್ಲೇ ಇದ್ದು ಆಮೇಲೆ ಹೊಸಿಲು ದಾಟಬೇಕು. ನಿಮ್ಮಜ್ಜಿ, "ಹೊರಗಿರ್ಲಿ ಕಣವ್ವಾ, ಇನ್ನೂ ದಾರಿ ಮೈ ಐತೆ" ಅಂದರು. ಯಾಕೆ ಎಂದು ಕೇಳಿದೆ. "ನಮ್ಮವ್ವ ಹೇಳ್ಲಿಲ್ಲ, ನಾ ಕೇಳ್ಲಿಲ್ಲ" ಅಂದರು. ಕಾರಣವಿಲ್ಲದ ಮಾತು ನನಗೆ ಒಗ್ಗುವುದಿಲ್ಲ. ನಾನೇ ಹೋಗಿ ಅವನನ್ನು ಒಳಗೆ ಕರೆತಂದೆ. "ಮೇಡಮ್ಮೋರು ಕರುದ್ರೆ ಇಲ್ಲ ಅನ್ನಾಕಾಗ್ತದಾ? ನಾನೇನ್ ಚಂದ್ರಲೋಕದಿಂದ ಇಳುದ್ನಾ?" ಎಂದು ನಗುತ್ತಾ ಬಂದ. ನಿನ್ನ ತಂಗಿಗೆ ಬರೀ ನೆಗಡಿ ಎಂದುಕೊಂಡಿದ್ದೆವು. ಇಡೀ ಸಂಜೆ ಅವಳು ಚಿಕ್ಕಪ್ಪನ ತೊಡೆ ಬಿಟ್ಟು ಇಳಿಯಲಿಲ್ಲ. ಎರಡು ದಿನಕ್ಕೆ ಅವಳ ಮೈಮೇಲೆ ದಡಾರ ಎದ್ದಿತು. ಅವಳು ವಾರದಲ್ಲಿ ಎದ್ದು ಓಡಾಡಿದಳು. ಅದು ಅಂಟಿ ಅವನು ಮಲಗಿದ. ಕಫ ಎದೆಗಿಳಿದು ಈಗ ಆಸ್ಪತ್ರೆಯಲ್ಲಿದ್ದಾನೆ. ಜ್ವರ ಇನ್ನೂ ಬಿಟ್ಟಿಲ್ಲ. ಮೈಯಲ್ಲಿ ಎದುರಿಸುವ ಶಕ್ತಿಯೇ ಉಳಿದಿಲ್ಲ ಎಂದರು ಡಾಕ್ಟರು.

ನನಗೆ ಉರಿಯುತ್ತಿರುವುದು ಇದು. ಪರೀಕ್ಷೆಗೆ ಮುಂಚೆ ಒಂಬತ್ತನೇ ತರಗತಿಗೆ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬಿನ ಪಾಠ ಮಾಡಿದ್ದೆ. ಎಂಬತ್ತನಾಲ್ಕು ದಿನ ಮೇಲಿದ್ದು ಇಳಿದವರ ರಕ್ತದಲ್ಲಿ, ರೋಗದ ಜೊತೆ ಹೋರಾಡುವ ಬಿಳಿಕಣಗಳು ಮಂಕಾಗಿದ್ದವು. ಅದಕ್ಕೇ ಅವರನ್ನು ಕೆಲವು ದಿನ ಜನರಿಂದ ದೂರ ಇಟ್ಟರು ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಯಾಕೆ ಮಂಕಾಗುತ್ತವೆ ಮೇಡಂ ಎಂದು ಒಂದು ಹುಡುಗಿ ಕೇಳಿದಾಗ, ಅದು ವಿಜ್ಞಾನಿಗಳಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಿದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಬಂದಿತ್ತು, ನಂಬಿದೆ. ನಿಮ್ಮಜ್ಜಿಗೂ ಕಾರಣ ಗೊತ್ತಿರಲಿಲ್ಲ, ಅವರನ್ನು ನಂಬಲಿಲ್ಲ. ತೂಕವಿಲ್ಲದೆ ತೇಲುವುದೂ ಕುರಿ ಹಿಂದೆ ನಡೆಯುವುದೂ ಒಂದೇ ಅಲ್ಲ, ಒಪ್ಪುತ್ತೇನೆ. ಆ ಪದ್ಧತಿ ಊರ ಕುರಿಗಳಿಗೆ ರೋಗ ಅಂಟದಿರಲಿ ಎಂದು ಹುಟ್ಟಿದ್ದೋ ಏನೋ. ಆದರೆ ಅಂಥ ಪಾಠ ಮಾಡಿದವಳು ಯತ್ತಪ್ಪನ ಆ ಮುಖ ನೋಡಿಯಾದರೂ ಒಂದು ಗಳಿಗೆ ನಿಲ್ಲಬಹುದಿತ್ತಲ್ಲ!

ಅಜ್ಜಿ ಒಂದು ಮಾತು ಬಯ್ದಿಲ್ಲ. "ಅಮ್ಮ ಬಂದವ್ಳೆ, ಹೋಗ್ತಾಳೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಬಯ್ದಿದ್ದರೆ ಜಗಳವಾದರೂ ಆಡುತ್ತಿದ್ದೆ.

ನಿಮ್ಮಪ್ಪ ಆಸ್ಪತ್ರೆಯಲ್ಲೇ ಇದ್ದಾರೆ. ನಿಮ್ಮತ್ತೆ ಮಾವಂದಿರಿಗೆ ನಮಸ್ಕಾರ. ನೀನೂ ನಿನ್ನ ಹೊಟ್ಟೆಯಲ್ಲಿರುವುದೂ ತಂಪಾಗಿರಿ.

ನಿನ್ನ ಅಮ್ಮ,
ಶಿವಗಂಗಮ್ಮ

ಮರೆತೆ ಎನ್ನಲಾರೆ, ಬರೆಯಲು ಕೈ ಬರಲಿಲ್ಲ: ಶುಕ್ರವಾರ ಬಸ್ ಹತ್ತಬೇಡ. ನಿನಗೆ ದಡಾರ ಬಂದೇ ಇಲ್ಲ. ಚೊಚ್ಚಲಿಗೆ ತವರು ಎನ್ನುವುದು ಈ ಸಲ ಬೇಡ. ನನಗೆ ಚಿಕ್ಕಂದಿನಲ್ಲೇ ಬಂದುಹೋಗಿದೆ, ಯತ್ತಪ್ಪ ಚೇತರಿಸಿಕೊಂಡ ಮೇಲೆ ನಾನೇ ಹಿರಿಯೂರಿಗೆ ಬರುತ್ತೇನೆ. ಬಂದವಳು ಮೂರು ದಿನ ನಿಮ್ಮ ಹೊರಜಗುಲಿಯಲ್ಲೇ ಇರುತ್ತೇನೆ. ಯಾಕೆ ಎಂದು ನಿಮ್ಮತ್ತೆ ಕೇಳಿದರೆ, ನಮ್ಮ ಮನೆಯ ಪದ್ಧತಿ ಎಂದುಬಿಡು.