ಬಿಜೈ ಮನೆಯ ಕರಡಿ

೧೨ ಮಾರ್ಚ್ ೧೯೮೪, ಸೋಮವಾರ

ಬೆಳಿಗ್ಗೆಯಿಂದ ಒಂದೇ ಸಮನೆ ಗಿರಾಕಿಗಳು. ಫಳ್ನೀರಿನಲ್ಲೇ ಮಕ್ಕಳ ಸಾಮಾನಿನ ಅಂಗಡಿ ಹಾಕೋಣ ಎಂದವಳು ನಾನು — ಸುತ್ತ ಆಸ್ಪತ್ರೆ, ದಿನಾ ಹೆರಿಗೆ, ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗುವವರು ಯಾರು? ಇವರು ಆಗ ನಕ್ಕಿದ್ದರು. ಈಗ ಇವರ ಹೋಟೆಲಿನ ಗಲ್ಲೆಗಿಂತ ನನ್ನ ಗಲ್ಲೆ ಜೋರು ಎಂದರೆ ಮಾತು ಬದಲಿಸುತ್ತಾರೆ.

ಮಧ್ಯಾಹ್ನ ಉಸ್ಮಾನ್ ಬಂದಿದ್ದ. ದುಬೈಯಿಂದ ಬಂದವರ ಪೆಟ್ಟಿಗೆಗಳನ್ನು ಕೊಂಡು ನಮ್ಮಂಥ ಅಂಗಡಿಗಳಿಗೆ ಹಂಚುವವನು. ಈ ಸಲ ಹಾಲಿನ ಬಾಟ್ಲಿ, ಪೌಡರ್, ಇನ್ನೊಂದು ಪೆಟ್ಟಿಗೆ ಕರಡಿ ಗೊಂಬೆ. ದೀಪಾವಳಿಗೆ ತಂದಿದ್ದ ಅದೇ ಕಂದು ಕರಡಿ. ಫಾರಿನ್ ಎಂದರೆ ಸಾಕು, ಕಲ್ಲಿಟ್ಟರೂ ಖರ್ಚಾಗುತ್ತದೆ. ದೇಯಿ ಎಲ್ಲವನ್ನೂ ಒರೆಸಿ ಸಾಲಾಗಿ ಕೂರಿಸಿದಳು. ಅಂಗಡಿ ಕೆಲಸಕ್ಕೆ ಸೇರಿ ವರ್ಷ ಆಗಿಲ್ಲ, ಆಗಲೇ ನನ್ನನ್ನೇ ಗದರಿಸುತ್ತಾಳೆ.

೧೪ ಮಾರ್ಚ್, ಬುಧವಾರ

ಇವತ್ತು ಕರಡಿಗಳನ್ನೆಲ್ಲ ಸಾಲಿನಿಂದ ಇಳಿಸಿದೆ.

ಎವ್ಲಿನ್ ಬಾಯಿ ಬಂದಿದ್ದರು. ಎದುರಿನ ಆಸ್ಪತ್ರೆಯ ನರ್ಸ್. ಕ್ರಿಸ್ಮಸ್‌ಗೆ ಮಗನಿಗೆಂದು ಕರಡಿ ಕೊಂಡಿದ್ದರು. ಜಗಳ ಮಾಡಲಿಲ್ಲ. ಕರ್ಚೀಫ್ ಬಿಚ್ಚಿ ಕೌಂಟರಿನ ಮೇಲೆ ಇಟ್ಟರು. ಕರಡಿಯ ಒಂದು ಕಣ್ಣು. ಕಪ್ಪು ಗುಂಡಿ, ಅದರ ಹಿಂದೆ ಬೆರಳುದ್ದದ ತಂತಿ, ತುದಿ ಸೂಜಿಯ ಹಾಗೆ. ಮಗುವಿನ ಗಂಟಲಿಗೆ ಬೆರಳು ಹಾಕಿ ತೆಗೆದರಂತೆ. ತಾಯಿ ನರ್ಸ್ ಆಗಿದ್ದಕ್ಕೆ ಮಗು ಉಳಿಯಿತು.

"ಇದನ್ನೆಲ್ಲ ಮಾರುವ ಮೊದಲು ಯಾರೂ ನೋಡುವುದಿಲ್ವಾ ಆಶಕ್ಕ?"

ಯಾರು ನೋಡುತ್ತಾರೆ... ಪಕ್ಕದ ದಿನಸಿ ಅಂಗಡಿಯ ನೋಣಯ್ಯ ತನ್ನ ತಕ್ಕಡಿಗೆ ಸರ್ಕಾರದ ಸೀಲು ಹಾಕಿಸಬೇಕು. ಅವನು ಮಾರುವುದು ಬೆಲ್ಲ, ಮೆಣಸು. ನಾನು ಮಾರುವುದು ಮಕ್ಕಳು ಬಾಯಿಗೆ ಹಾಕುವ ವಸ್ತು. ನನ್ನನ್ನು ಇಷ್ಟರವರೆಗೆ ಒಬ್ಬರೂ ಏನೂ ಕೇಳಿಲ್ಲ. ನಾನೂ ಯಾರನ್ನೂ ಕೇಳಿಲ್ಲ.

೧೫ ಮಾರ್ಚ್, ಗುರುವಾರ

ಉಸ್ಮಾನನನ್ನು ಕರೆಸಿದೆ. ಬಾಯಿಗೆ ಬಂದಂತೆ ಬೈದೆ. ಪಾಪ, ಅವನಿಗೂ ಸಣ್ಣ ಮಕ್ಕಳಿದ್ದಾರೆ, ತಂತಿ ನೋಡಿ ಮುಖ ಬಿಳುಚಿತು. ಕೆಲವು ದೇಶಗಳಲ್ಲಿ ಆಟಿಕೆ ಮಾರುವ ಮೊದಲು ಕಣ್ಣಿಗೆ ತೂಕ ಕಟ್ಟಿ ಎಳೆದು ನೋಡಬೇಕೆಂದು ಕಾನೂನೇ ಇದೆಯೆಂದು ದುಬೈಯವರ ಬಾಯಲ್ಲಿ ಕೇಳಿದ್ದನಂತೆ. ನಮ್ಮಲ್ಲಿಗೆ ಬರುವುದನ್ನು ಎಳೆದಿದ್ದಾರೋ ಇಲ್ಲವೋ ಅವನಿಗೆ ತಿಳಿಯದು. ಹಾಗಾದರೆ ನಾವೇ ಎಳೆಯೋಣ ಎಂದೆ.

ನೋಣಯ್ಯನಿಂದ ಐದು ಕಿಲೋದ ತೂಕದ ಕಲ್ಲು ತಂದೆವು. ಕರಡಿಯನ್ನು ತಲೆಯ ಮೇಲಿನ ಮಾಡಿನ ಕೊಕ್ಕೆಗೆ ಕಟ್ಟುವುದು, ಕಣ್ಣಿನ ಬುಡಕ್ಕೆ ಗಾಳದ ದಾರ ಸುತ್ತಿ ಕೆಳಗೆ ಕಲ್ಲು ಬಿಡುವುದು. ಮೊದಲನೆಯದು ತಡೆಯಿತು. ಎರಡನೆಯದರ ಕಣ್ಣು ಕಲ್ಲಿನೊಡನೆ ನೆಲಕ್ಕೆ. ಮೂರನೆಯದು ಕಲ್ಲು ಬಿಡುವ ಮೊದಲೇ ಕಿತ್ತು ಬಂತು. ಒಳಗೆ ಬರುತ್ತಿದ್ದ ಒಬ್ಬ ಹೆಂಗಸು, ನೇಣು ಹಾಕಿಕೊಂಡ ಹಾಗೆ ನೇತಾಡುವ ಕರಡಿಗಳನ್ನು ನೋಡಿ ಹೊಸಿಲಿನಿಂದಲೇ ತಿರುಗಿದರು. ದೇಯಿಗೆ ನಗು ತಡೆಯಲಿಲ್ಲ. ನನಗೂ ಬಂತು.

ಆಮೇಲೆ ನೆನಪಾಯಿತು. ದೀಪಾವಳಿಯ ಪೆಟ್ಟಿಗೆಯಿಂದ ಒಂದು ಬಿಜೈಗೆ ಹೋಗಿದೆ. ಇವರ ತಂಗಿ ಜಲಜಾಕ್ಷಿಯ ಬಾಲೆಯನ್ನು ತೊಟ್ಟಿಲಿಗೆ ಹಾಕಿದ ದಿನ ನಾನೇ ಕೊಟ್ಟದ್ದು.

ಎರಡು ಮಕ್ಕಳು ಹೋಗಿ ಮೂರನೆಯದಾಗಿ ಉಳಿದ ಬಾಲೆ ಅದು. ನಮ್ಮಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ಹೆಣ್ಣೆಂದು ತಿಳಿದ ದಿನ ಮಾಮಿ — ನನ್ನ ಅತ್ತೆ, ಇರುವುದು ಮಗಳ ಜೊತೆಯಲ್ಲೇ — ಬೀದಿಗೆಲ್ಲ ಸಕ್ಕರೆ ಹಂಚಿದ್ದರು.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ತಟ್ಟೆಯಿಂದ ತಲೆ ಎತ್ತಲಿಲ್ಲ.

"ಕೊಟ್ಟದ್ದನ್ನು ವಾಪಸ್ ಕೇಳಿದ್ರೆ ಅಮ್ಮ ಎಂತ ಹೇಳ್ತಾರೆ ಅಂತ ನಿನಗೆ ಗೊತ್ತುಂಟಲ್ಲ."

ಗೊತ್ತು. ಮಕ್ಕಳಿಲ್ಲದವಳು ಬಂದು ಮಗುವಿನ ವಸ್ತು ಹೊತ್ತುಕೊಂಡು ಹೋದಳು, ಹೊಟ್ಟೆಕಿಚ್ಚು ಎನ್ನುತ್ತಾರೆ. ಅನ್ನಲಿ. ಭಾನುವಾರ ಅಂಗಡಿಗೆ ರಜೆ, ಆಗ ಹೋಗುತ್ತೇನೆ, ಅಷ್ಟರವರೆಗೆ ದೇವರು ನೋಡಿಕೊಳ್ಳಬೇಕು.

೧೮ ಮಾರ್ಚ್, ಭಾನುವಾರ

ಹೋದೆ. ಜೆಪ್ಪುವಿನ ನಮ್ಮ ಮನೆಯಿಂದ ಬಿಜೈಯವರೆಗೆ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡದ್ದೇ ಜೋಡಿಸಿಕೊಂಡದ್ದು. ಒಂದೂ ಬೇಕಾಗಲಿಲ್ಲ! ಕರಡಿ ಚಾವಡಿಯ ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ ಸಮೇತ ಕೂತಿದೆ. ಪಕ್ಕದಲ್ಲಿ ಬೇರೆ ಆಟಿಕೆಗಳು, ಸೆಂಟಿನ ಖಾಲಿ ಬಾಟ್ಲಿ, ಗಾಜಿನ ಹಂಸ. ಕಪಾಟಿಗೆ ಬೀಗ. ಹೋದ ಜೀವ ಬಂತು. ಫಾರಿನ್ ವಸ್ತುವನ್ನು ಮಗುವಿನ ಕೈಗೆ ಕೊಟ್ಟು ಹಾಳು ಮಾಡುವವರು ಈ ಊರಲ್ಲಿ ಯಾರಿದ್ದಾರೆ, ನಾನೇ ಸುಮ್ಮನೆ ಹೆದರಿದ್ದು.

ಏನೂ ಹೇಳಲಿಲ್ಲ. ಚಾ ಕುಡಿದು ಬಂದೆ. ನಾನು ಕೊಟ್ಟದ್ದಕ್ಕೆ ಆ ಮನೆಯಲ್ಲಿ ಎಷ್ಟು ಮರ್ಯಾದೆ ಎಂದು ಇವರಿಗೆ ಎರಡೆರಡು ಸಲ ಹೇಳಿದೆ.

೧೧ ಮೇ, ಶುಕ್ರವಾರ

ಬರೆಯದೆ ಬಹಳ ದಿನವಾಯಿತು. ಸೆಕೆ. ಮದುವೆ ಸೀಸನ್.

ಕರಡಿ ಕೊಂಡವರಲ್ಲಿ ಗುರುತಿದ್ದವರ ಮನೆಗೆಲ್ಲ ದೇಯಿಯನ್ನು ಅಟ್ಟಿದ್ದೆ. ಎವ್ಲಿನ್ ಬಾಯಿ ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ಹೇಳಿದರು. ಕೆಲವು ವಾಪಸ್ ಬಂದವು. ಬಾರದವುಗಳ ಯೋಚನೆ ಬಿಡುವುದಿಲ್ಲ. ಈಗ ಅಂಗಡಿಯಲ್ಲಿ ಕಲ್ಲು ತಡೆಯದ್ದು, ಬಿಸಿನೀರಿಗೆ ಬಣ್ಣ ಬಿಡುವುದು ಯಾವುದೂ ಮಾರಾಟಕ್ಕಿಲ್ಲ. ಉಸ್ಮಾನ್ ಪೆಟ್ಟಿಗೆ ಇಳಿಸುವಾಗಲೇ ಎರಡನ್ನು ಎಳೆದು ತೋರಿಸುತ್ತಾನೆ. 'ನಿಮ್ಮ ಕಸ್ಟಮ್ಸ್ ದಾಟುವುದೇ ಕಷ್ಟ' ಎಂದು ಗೊಣಗುತ್ತಾನೆ.

ಊರಿಗೆಲ್ಲ ಹೇಳಿದವಳು ಬಿಜೈ ಮನೆಗೆ ಮಾತ್ರ ಹೇಳಿಲ್ಲ.

ಇವತ್ತು ಜಲಜಾಕ್ಷಿ ಅಂಗಡಿಗೆ ಬಂದಿದ್ದಳು. ಬಾಲೆ ಅಂಬೆಗಾಲಿಡುತ್ತಿದ್ದಾಳಂತೆ, ಸಿಕ್ಕಿದ್ದೆಲ್ಲ ಬಾಯಿಗೆ. ಭಾನುವಾರ ಸ್ಟುಡಿಯೋದವರು ಮನೆಗೆ ಬರುತ್ತಾರೆ. ಬಹರೈನ್‌ನಲ್ಲಿರುವ ಗಂಡನಿಗೆ ಫೋಟೋ ಕಳುಹಿಸಬೇಕು. ಕಪಾಟಿನ ಆಟಿಕೆಗಳನ್ನೆಲ್ಲ ಬಾಲೆಯ ಸುತ್ತ ಇಟ್ಟು ತೆಗೆಸಬೇಕೆಂದು ಅವಳ ಆಸೆ. ಅಲ್ಲೇ ಹೇಳಬೇಕಿತ್ತು. ಫ್ರಾಕ್ ಕಟ್ಟಿಕೊಟ್ಟು ಕಳುಹಿಸಿದೆ. ಕರಡಿಗಳ ಮುಂದೆ ನಾನು ದೊಡ್ಡ ಹುಲಿ. ಮಾಮಿಯ ಹೆಸರೆತ್ತಿದರೆ ಇಷ್ಟೇ.

೧೩ ಮೇ, ಭಾನುವಾರ, ಸಂಜೆ

ಫೋಟೋದವನು ಬರುವ ಮೊದಲೇ ಬಿಜೈ ಮುಟ್ಟಿದೆ. ಕಪಾಟು ತೆರೆದಿತ್ತು. ಆಟಿಕೆಗಳೆಲ್ಲ ಚಾಪೆಯ ಮೇಲೆ, ನಡುವೆ ಹೊಸ ಫ್ರಾಕಿನ ಬಾಲೆ. ಕರಡಿ ಮಾತ್ರ ಕಪಾಟಿನಲ್ಲೇ. ತೆಗೆಯಲು ಕೈ ಚಾಚಿದೆ. ಹಿಂದಿನಿಂದ ಮಾಮಿಯ ಸ್ವರ.

"ಅದು ಅಲ್ಲೇ ಇರ್ಲಿ ಆಶಾ. ತೊಟ್ಟಿಲಿನ ದಿವಸವೇ ತೆಗೆದಿಟ್ಟದ್ದು ನಾನು. ಮಕ್ಕಳಾಗದವರ ಕೈಯಿಂದ ಬಂದದ್ದು... ಎರಡು ಹೋಗಿದೆಯಲ್ಲ, ನನಗೆ ಹೆದರಿಕೆ."

ಮರ್ಯಾದೆ ಎಂದು ತಿಳಿದಿದ್ದೆ ನಾನು. ಇವರಿಗೆ ಎರಡೆರಡು ಸಲ ಹೇಳಿದ್ದೆ. ಜಲಜಾಕ್ಷಿ ನೆಲ ನೋಡುತ್ತಿದ್ದಳು, ಅವಳಿಗೂ ಗೊತ್ತಿತ್ತು. ಅಳು ಬಂತು, ನುಂಗಿಕೊಂಡೆ.

ಪ್ಲಾಸ್ಟಿಕ್ ಹರಿದೆ. ಕಣ್ಣು ಹಿಡಿದು ಎಳೆದೆ. ಕಲ್ಲು ಬೇಡ, ಎರಡು ಬೆರಳೇ ಸಾಕಾಯಿತು. ತಂತಿಯನ್ನು ಮಾಮಿಯ ಅಂಗೈಯಲ್ಲಿಟ್ಟು ಎವ್ಲಿನ್ ಬಾಯಿಯ ಮಗನ ಕಥೆ ಹೇಳಿದೆ.

"ಮಾಮಿ, ನೀವು ಬಾಲೆಗೆ ಕೊಡದೆ ಇದ್ದದ್ದು ಒಳ್ಳೇದಾಯ್ತು."

ಚುಚ್ಚಲು ಹೇಳಿದ್ದಲ್ಲ. ನನ್ನ ಮೇಲೆ ಅವರಿಗಿದ್ದ ಹೆದರಿಕೆ ಮಗುವನ್ನು ಕಾಪಾಡಿದೆ. ಗೊತ್ತಿದ್ದೂ ನಾನು ಮಾರ್ಚಿನಲ್ಲಿ ಚಾ ಕುಡಿದು ಬಂದಿದ್ದೆ. ಬರೆಯಲು ಕಷ್ಟವಾಗುತ್ತದೆ, ಆದರೆ ನಡೆದದ್ದು ಹಾಗೆ.

ಮಾಮಿ ತಂತಿಯನ್ನು ನೋಡುತ್ತ ಕೂತುಬಿಟ್ಟರು. ಮುದುಕಿಯ ಮೇಲೆ ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ.

ಆಗ ಜಲಜಾಕ್ಷಿ ಎದ್ದಳು. ಚಾಪೆಯ ಮೇಲಿದ್ದ ಆಟಿಕೆಗಳನ್ನೆಲ್ಲ ಸೆರಗಿಗೆ ಬಾಚಿ ತಂದು ನನ್ನ ಮುಂದೆ ಸುರಿದಳು. ಮೂರು ನಾಲ್ಕು ಹೆತ್ತವರು ಕೊಟ್ಟ ಆಟಿಕೆಗಳು.

"ಅತ್ತಿಗೆ, ಇದನ್ನೆಲ್ಲ ಎಳೆದು ನೋಡಿ. ನಿಮ್ಮ ಕೈ ದಾಟಿ ಬಂದದ್ದು ಮಾತ್ರ ಇನ್ನು ಬಾಲೆಗೆ."

ನೆಲದಲ್ಲಿ ಕೂತೆ. ಗಿಲಕಿ, ರಬ್ಬರಿನ ಬಾತುಕೋಳಿ, ಕೀಲಿ ಕೊಡುವ ಕೋತಿ. ಫೋಟೋದವನು ಬಂದು ಜಗಲಿಯಲ್ಲಿ ಕಾಯುತ್ತಿದ್ದ. ಕೋತಿಯ ಬಾಲ ಎಳೆಯುತ್ತಿದ್ದೆ, ಬಾಲೆ ಅಂಬೆಗಾಲಿಟ್ಟು ಬಂದು ನನ್ನ ಮಡಿಲು ಹತ್ತಿದಳು. ಮಾಮಿ ಎದ್ದರು. ಮಗುವನ್ನು ಎತ್ತಿಕೊಳ್ಳಲೆಂದು ತಿಳಿದು ನಾನೇ ಎತ್ತಿ ಕೊಡಲು ಹೋದೆ. ಅವರು ಜಗಲಿಗೆ ಹೋಗಿ ಫೋಟೋದವನನ್ನು ಕರೆದು ತಂದರು. ಹೀಗೇ ತೆಗೆಯಿರಿ ಎಂದರು. ನಾನು ಏಳಹೊರಟೆ, ಸೀರೆ ಸರಿ ಇಲ್ಲ, ತಲೆ ಬಾಚಿಲ್ಲ ಎಂದೆ. ಮಾಮಿ ನನ್ನ ಹೆಗಲು ಹಿಡಿದು ಕೂರಿಸಿ, ತಮ್ಮ ತುರುಬಿನ ಮಲ್ಲಿಗೆ ತೆಗೆದು ನನ್ನ ತಲೆಗೆ ಮುಡಿಸಿದರು.